ಎದುರಾಳಿಯ ಕೈಯ ಎಸ್ಟಿಮೇಟು

2025ರ ಡಿಸೆಂಬರಿನಲ್ಲಿ ಪಣಜಿಯ ಒಂದು ಕ್ಯಾಸಿನೊದ ಪೋಕರ್ ಮೇಜಿನಲ್ಲಿ ಆರು ಗಂಟೆ ಕುಳಿತು 2,300 ರೂಪಾಯಿ ಗೆದ್ದು ಶಿವಮೊಗ್ಗಕ್ಕೆ ಮರಳಿದೆ. ಬಸ್ಸು, ರೂಮು, ಪ್ರವೇಶ ಶುಲ್ಕ, ಊಟ ಮತ್ತು ಮುಂದೆ ಹೇಳಲಿರುವ ಒಂದು ಜೊತೆ ಬೂಟು, ಇವಕ್ಕೆ ಆದ ಖರ್ಚು 9,450. ಒಟ್ಟು ಲೆಕ್ಕ ಹಾಕಿದರೆ 7,150 ರೂಪಾಯಿ ಕೈಬಿಟ್ಟಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಪೋಕರ್ ಬಗ್ಗೆ ಬರೆಯುವವರೆಲ್ಲ ಗೆದ್ದ ಕಥೆಯನ್ನೇ ಬರೆಯುತ್ತಾರೆ. ದುಡ್ಡು ಮಾಡುವ ದಾರಿ ಹುಡುಕುತ್ತಿರುವವರು ಇಲ್ಲಿಗೇ ನಿಲ್ಲಿಸಬಹುದು. ಎದುರಿಗೆ ಕುಳಿತವನ ಕೈಯಲ್ಲಿ ಏನಿರಬಹುದು ಎಂದು ಅಂದಾಜು ಮಾಡುವುದನ್ನು ಕಲಿಯಲು ನನಗೆ ಹನ್ನೊಂದು ತಿಂಗಳು ಹಿಡಿಯಿತು. ಅದರಲ್ಲಿ ಐದಾರು ತಿಂಗಳು ದಾರಿ ತಪ್ಪಿಯೇ ಹೋದವು. ಆ ತಿಂಗಳುಗಳನ್ನು ಬೇರೆಯವರು ಉಳಿಸಿಕೊಳ್ಳಲಿ ಎಂದು ಬರೆಯುತ್ತಿದ್ದೇನೆ.

ನನ್ನ ಕಸುಬು ಮನೆ ಕಟ್ಟುವವರಿಗೆ ಎಸ್ಟಿಮೇಟ್ ಹಾಕಿಕೊಡುವುದು. ಇಟ್ಟಿಗೆ, ಕಬ್ಬಿಣ, ಸಿಮೆಂಟು, ಕೂಲಿ. ಇಸ್ಪೀಟು ಬಂದದ್ದು ಸೋದರಮಾವನಿಂದ. ಮದುವೆ ಮನೆಯ ಹಿಂದಿನ ರಾತ್ರಿ ಜಮಖಾನ ಹಾಸಿ ರಮ್ಮಿಗೆ ಕೂರುವ ಗುಂಪಿನಲ್ಲಿ ಅವರು ಇದ್ದೇ ಇರುತ್ತಿದ್ದರು. ನಾನು ಬೆನ್ನ ಹಿಂದೆ ಕುಳಿತು ಅವರ ಎಲೆ ನೋಡುತ್ತಿದ್ದರೆ, "ನನ್ನ ಕೈ ನೋಡಿ ಏನು ಮಾಡುತ್ತೀಯೋ, ಅವನು ಎಸೆಯುವುದನ್ನು ನೋಡು" ಎಂದು ಗದರುತ್ತಿದ್ದರು. ಎದುರಿನವನು ಆಟೀನ್ ಒಂಬತ್ತನ್ನು ಎಸೆದರೆ ಅವನ ಹತ್ತಿರ ಆಟೀನ್ ಎಂಟು, ಹತ್ತು ಇರುವ ಸಂಭವ ಕಡಿಮೆ. ಆಗ ಅದು ನನಗೆ ಮಂತ್ರವಿದ್ದಂತೆ ಕಾಣುತ್ತಿತ್ತು. ಪೋಕರ್‌ನಲ್ಲಿ ಬೇಕಾದದ್ದೂ ಅದೇ ಕಣ್ಣು. ಆದರೆ ರಮ್ಮಿಯಲ್ಲಿ ಎಸೆದ ಎಲೆ ಮೇಲುಮುಖವಾಗಿ ಬೀಳುತ್ತದೆ, ಪೋಕರ್‌ನಲ್ಲಿ ಬೀಳುವುದು ದುಡ್ಡು ಮಾತ್ರ.

ಆಟ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಟೆಕ್ಸಸ್ ಹೋಲ್ಡೆಮ್ ಎಂಬ ಬಗೆಯಲ್ಲಿ ಪ್ರತಿಯೊಬ್ಬನಿಗೂ ಎರಡು ಗುಪ್ತ ಎಲೆ. ಮೇಜಿನ ನಡುವೆ ಎಲ್ಲರಿಗೂ ಸೇರಿದ ಐದು ಎಲೆ: ಮೊದಲು ಮೂರು, ಅದಕ್ಕೆ ಫ್ಲಾಪ್ ಎನ್ನುತ್ತಾರೆ, ಆಮೇಲೆ ಒಂದು, ಟರ್ನ್, ಕೊನೆಗೆ ಇನ್ನೊಂದು, ರಿವರ್. ಪ್ರತಿ ಹಂತದಲ್ಲೂ ಒಬ್ಬ ದುಡ್ಡು ಹಾಕಿದರೆ ಉಳಿದವರೂ ಅಷ್ಟು ಹಾಕಬೇಕು, ಇಲ್ಲವೇ ಎಲೆ ಕೆಳಗಿಡಬೇಕು. ಯಾರೂ ಹಾಕದಿದ್ದರೆ ಸುಮ್ಮನೆ ಮುಂದಕ್ಕೆ ಹೋಗಬಹುದು. ಏಳರಲ್ಲಿ ಒಳ್ಳೆಯ ಐದು ಯಾರದೋ ಅವರಿಗೆ ರಾಶಿ.

2023ರಿಂದ ನಾನು ಮೊಬೈಲಿನಲ್ಲಿ ಆಡುತ್ತಿದ್ದೆ. ಎರಡು ವರ್ಷದಲ್ಲಿ 38,000 ರೂಪಾಯಿ ಹೋಯಿತು. ಇದಲ್ಲದೆ 2023ರ ಅಕ್ಟೋಬರ್ 1ರಿಂದ ಹಾಕುವ ದುಡ್ಡಿನ ಮೇಲೇ ಶೇ 28 ಜಿಎಸ್‌ಟಿ ಬಂದಿತ್ತು. ಸಾವಿರ ಕಟ್ಟಿದರೆ 218 ರೂಪಾಯಿ ಚಿಲ್ಲರೆ ಆಟ ಶುರುವಾಗುವ ಮೊದಲೇ ತೆರಿಗೆಯ ಪಾಲು. ನನ್ನ ಸೋಲಿಗೆ ಅದೂ ಒಂದು ಕಾರಣ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ನಿಜವಾದ ಕಾರಣ ಗೊತ್ತಾದದ್ದು 2025ರ ಜನವರಿಯಲ್ಲಿ, ವಿನೋಬನಗರದ ಒಂದು ತಾರಸಿಯ ಮೇಲೆ.

ಆ ತಾರಸಿಯಲ್ಲಿ ಶುಕ್ರವಾರ ರಾತ್ರಿ ನಾವು ಐದು ಜನ ಸೇರುತ್ತೇವೆ. ದುಡ್ಡಿಲ್ಲ. ಪ್ಲಾಸ್ಟಿಕ್ ಬಿಲ್ಲೆಗಳು ಅಷ್ಟೇ. ಸೋತವನು ಮುಂದಿನ ವಾರದ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯ ಖರ್ಚು ನೋಡಿಕೊಳ್ಳಬೇಕು. ಅಂದು ಎಲ್ಲರಿಗಿಂತ ಮೊದಲು ಮಾತಾಡಬೇಕಾಗಿದ್ದ ಔಷಧಿ ಅಂಗಡಿಯ ಗೆಳೆಯ ರೇಸ್ ಮಾಡಿದ, ಅಂದರೆ ಪಣ ಏರಿಸಿದ. ನನ್ನ ಕೈಯಲ್ಲಿ ಹತ್ತರ ಜೋಡಿ. ಫ್ಲಾಪ್‌ನಲ್ಲಿ ಎಂಟು, ಐದು, ಎರಡು. ಅವನು ಹಾಕಿದ, ನಾನೂ ಹಾಕಿದೆ. ಟರ್ನ್ ಒಂಬತ್ತು, ಅವನು ಮತ್ತೆ ಹಾಕಿದ. ರಿವರ್ ಇನ್ನೊಂದು ಎರಡು, ಅವನು ಇನ್ನೂ ಜೋರಾಗಿ ಹಾಕಿದ. "ಇವನ ಹತ್ತಿರ ಎಕ್ಕ-ರಾಜ ಇದೆ, ಸುಮ್ಮನೆ ಹೆದರಿಸುತ್ತಿದ್ದಾನೆ" ಎಂದುಕೊಂಡು ನಾನು ಬಿಲ್ಲೆಗಳನ್ನೆಲ್ಲ ತಳ್ಳಿದೆ. ಅವನು ರಾಣಿಯ ಜೋಡಿ ತೋರಿಸಿದ.

ಪಕ್ಕದಲ್ಲಿ ಪಿಯು ಕಾಲೇಜಿನ ಗಣಿತದ ಮೇಷ್ಟ್ರು. "ಎಕ್ಕ-ರಾಜ ಎಂದು ನಿನಗೆ ಯಾರು ಹೇಳಿದರು?" ಎಂದರು.

"ಅನ್ನಿಸಿತು."

"ಎಕ್ಕ ನಾಲ್ಕು, ರಾಜ ನಾಲ್ಕು. ನಾಲ್ಕು ನಾಲ್ಕಲಿ ಹದಿನಾರು ಬಗೆಯಲ್ಲಿ ಅದು ಬರಬಹುದು. ಗುಲಾಮ, ರಾಣಿ, ರಾಜ, ಎಕ್ಕ, ಇವುಗಳ ಜೋಡಿ ಒಂದೊಂದೂ ಆರು ಬಗೆ. ಒಟ್ಟು ಇಪ್ಪತ್ತನಾಲ್ಕು. ಎಲ್ಲವೂ ನಿನ್ನ ಹತ್ತನ್ನು ಹೊಡೆಯುತ್ತವೆ. ಇನ್ನು ಎಕ್ಕ-ರಾಜ ಇದ್ದವನು ಏನೂ ಸೇರದೆ ಮೂರು ಸಲ ಹಾಕುತ್ತಾನೆಯೇ? ಹದಿನಾರರಲ್ಲಿ ಹತ್ತು ಸಲವಾದರೂ ನಿಲ್ಲಿಸುತ್ತಾನೆ. ನಿನಗೆ ಬೇಕಾದ ಆರನ್ನು ಕಂಡೆ, ಬೇಡವಾದ ಇಪ್ಪತ್ತನಾಲ್ಕನ್ನು ಕಾಣಲಿಲ್ಲ." ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಮಾತು ಸೇರಿಸಿದರು: "ಮನೆ ಕಟ್ಟಿಸುವವರು ಬಂದರೆ ಒಂದೇ ಅಂಕಿ ಹೇಳುತ್ತೀಯೇನೋ?"

ಹೇಳುವುದಿಲ್ಲ. ಮೂವತ್ತೆರಡರಿಂದ ಮೂವತ್ತಾರು ಲಕ್ಷ ಎನ್ನುತ್ತೇನೆ. ಮಣ್ಣು ಪರೀಕ್ಷೆ ಆದ ಮೇಲೆ ಮೂವತ್ತಮೂರರಿಂದ ಮೂವತ್ತೈದು ಎನ್ನುತ್ತೇನೆ. ಹದಿನೈದು ವರ್ಷ ಇದನ್ನೇ ಮಾಡಿಕೊಂಡು ಬಂದವನು ಇಸ್ಪೀಟಿಗೆ ಕುಳಿತ ಕೂಡಲೇ ಗಿಣಿಶಾಸ್ತ್ರದವನಾಗುತ್ತಿದ್ದೆ. ಆ ರಾತ್ರಿ ಮನೆಗೆ ನಡೆದು ಹೋಗುವಾಗ ನಾಚಿಕೆಯೇ ಆಯಿತು.

ಮರುದಿನ 40 ರೂಪಾಯಿ ಕೊಟ್ಟು ಚೌಕುಳಿ ಗೆರೆಯ ನೋಟ್‌ಬುಕ್ ತಂದೆ. ಇಡೀ ಕಲಿಕೆಯಲ್ಲಿ ಅತಿ ಅಗ್ಗದ ಮತ್ತು ಅತಿ ಉಪಯೋಗದ ಖರ್ಚು ಅದು. ಅಡ್ಡಕ್ಕೆ ಹದಿಮೂರು ಮನೆ, ಉದ್ದಕ್ಕೆ ಹದಿಮೂರು ಮನೆ, ಎಕ್ಕದಿಂದ ಎರಡರವರೆಗೆ ಎರಡೂ ಬದಿಯಲ್ಲಿ ಬರೆದುಕೊಳ್ಳಬೇಕು. ಮೂಲೆಯಿಂದ ಮೂಲೆಗೆ ಹೋಗುವ ಓರೆ ಸಾಲಿನಲ್ಲಿ ಹದಿಮೂರು ಜೋಡಿಗಳು. ಅದರ ಮೇಲಿನ 78 ಮನೆಗಳಲ್ಲಿ ಒಂದೇ ಜಾತಿಯ ಎರಡು ಎಲೆ, ಅಂದರೆ ಎರಡೂ ಆಟೀನ್ ಅಥವಾ ಎರಡೂ ಕಳಾವರ್. ಕೆಳಗಿನ 78ರಲ್ಲಿ ಬೇರೆ ಬೇರೆ ಜಾತಿಯವು. ಒಟ್ಟು 169 ಮನೆ. ಆದರೆ ಎಲ್ಲ ಮನೆಯ ತೂಕ ಒಂದೇ ಅಲ್ಲ ಎಂಬುದನ್ನು ಹೊಸಬರು ಮರೆಯುತ್ತಾರೆ. ಜೋಡಿಯ ಮನೆಗೆ ಆರು ಬಗೆ, ಒಂದೇ ಜಾತಿಯದಕ್ಕೆ ನಾಲ್ಕು, ಬೇರೆ ಜಾತಿಯದಕ್ಕೆ ಹನ್ನೆರಡು. ಎಲ್ಲ ಕೂಡಿಸಿದರೆ 1,326. ಐವತ್ತೆರಡು ಎಲೆಯಲ್ಲಿ ಎರಡನ್ನು ಆರಿಸುವ ದಾರಿಗಳೂ ಅಷ್ಟೇ. ಮೊದಲ ವಾರ ನನ್ನ ಲೆಕ್ಕ 1,314 ಬರುತ್ತಿತ್ತು. ಎರಡು ಜೋಡಿಗಳ ಮನೆಯನ್ನೇ ಬಿಟ್ಟು ಕೂಡಿಸಿದ್ದೆ.

ಎದುರಿನವನು ಎಲೆ ಕೈಗೆತ್ತಿಕೊಂಡಾಗ ಈ 1,326ರಲ್ಲಿ ಏನು ಬೇಕಾದರೂ ಇರಬಹುದು. ಅವನು ಮಾಡುವ ಒಂದೊಂದು ಕೆಲಸವೂ ಕೆಲವು ಮನೆಗಳನ್ನು ಅಳಿಸುತ್ತದೆ. ಮೇಜಿನಲ್ಲಿ ಎಲ್ಲರಿಗಿಂತ ಮೊದಲು ಮಾತಾಡಬೇಕಾದವನು ರೇಸ್ ಮಾಡಿದರೆ, ಅವನ ನಂತರ ಎಲ್ಲರೂ ಬಾಕಿ ಇರುವುದರಿಂದ, ಅವನ ಕೈಯಲ್ಲಿ ಒಳ್ಳೆಯ ಎಲೆಯೇ ಇರಬೇಕು; ನನ್ನ ಅಂದಾಜಿನಲ್ಲಿ ಅದು ನೂರಕ್ಕೆ ಹತ್ತು, ಅಂದರೆ ಸುಮಾರು 130 ಬಗೆ. ಕೊನೆಯವನು ಮಾಡಿದರೆ ನೂರಕ್ಕೆ ನಲವತ್ತೂ ಇರಬಹುದು, 530 ಬಗೆ. ಇದನ್ನು ಪೋಕರ್‌ನವರು ರೇಂಜ್ ಎನ್ನುತ್ತಾರೆ. ಕಲಿಯುವವರಿಗೆ ಒಂದು ಮಾತು: ಅಳಿಸುತ್ತಾ ಹೋಗಬೇಕು, ನಡುವೆ ಸೇರಿಸಬಾರದು. ಮೊದಲ ಸುತ್ತಿನಲ್ಲಿ "ಏಳು-ನಾಲ್ಕು ಇವನಲ್ಲಿರಲು ಸಾಧ್ಯವಿಲ್ಲ" ಎಂದು ಹೊಡೆದುಹಾಕಿದ ಮೇಲೆ ರಿವರ್‌ನಲ್ಲಿ ಭಯ ಬಿದ್ದು ಅದನ್ನು ವಾಪಸು ತಂದರೆ ಲೆಕ್ಕವೆಲ್ಲ ಮಣ್ಣುಪಾಲು. ನಾನು ಅದನ್ನು ಎಷ್ಟು ಸಲ ಮಾಡಿದೆನೋ.

ಫೆಬ್ರವರಿಯಿಂದ ಒಂದು ದಾಖಲೆ ಇಡತೊಡಗಿದೆ. ಕೊನೆಯಲ್ಲಿ ಎಲೆ ತೋರಿಸುವ ಮೊದಲು ನನ್ನ ಪಟ್ಟಿ ಬರೆದಿಡುವುದು, ಆಮೇಲೆ ತೋರಿಸಿದ್ದು ಪಟ್ಟಿಯಲ್ಲಿತ್ತೇ ಎಂದು ಗುರುತು ಹಾಕುವುದು. ಮೊದಲ 50ರಲ್ಲಿ 19 ಸಲ ಎಲೆ ನನ್ನ ಪಟ್ಟಿಯಲ್ಲೇ ಇರಲಿಲ್ಲ. ಬೇಸರ ಬಂತು. ಮುಂದಿನ 50ರಲ್ಲಿ ಮೂರೇ ಸಲ ತಪ್ಪಿತು. ಮೇಷ್ಟ್ರಿಗೆ ಹೆಮ್ಮೆಯಿಂದ ತೋರಿಸಿದೆ. ಅವರು ಪುಟ ತಿರುವಿ ನಕ್ಕರು. ನಾನು ಪಟ್ಟಿಯನ್ನು ಎಷ್ಟು ಹಿಗ್ಗಿಸಿದ್ದೆನೆಂದರೆ ಅದರಲ್ಲಿ ಬಾರದ ಎಲೆಯೇ ಇರಲಿಲ್ಲ. ಮನೆಗೆ ಇಪ್ಪತ್ತರಿಂದ ಅರವತ್ತು ಲಕ್ಷ ಆಗಬಹುದು ಎಂದು ಎಸ್ಟಿಮೇಟ್ ಬರೆದುಕೊಟ್ಟರೆ ತಪ್ಪುವ ಭಯವಿಲ್ಲ, ಆದರೆ ಅಂತಹ ಎಸ್ಟಿಮೇಟಿಗೆ ಯಾರು ದುಡ್ಡು ಕೊಡುತ್ತಾರೆ? ಹೀಗೆ ಎರಡು ತಿಂಗಳು ನಷ್ಟ. ಅಲ್ಲಿಂದ ಮುಂದೆ ಪಟ್ಟಿಯ ಪಕ್ಕದಲ್ಲಿ ಅದು ಎಷ್ಟು ಬಗೆ ಎಂಬ ಅಂಕಿಯನ್ನೂ ಬರೆಯಲು ಶುರುಮಾಡಿದೆ. ರಿವರ್ ಹೊತ್ತಿಗೆ ಅದು ನಲವತ್ತರೊಳಗೆ ಬರದಿದ್ದರೆ ನಾನು ಯೋಚನೆಯನ್ನೇ ಮಾಡಿಲ್ಲ ಎಂದು ಅರ್ಥ.

ಎರಡನೆಯ ಮೋಸ ಇನ್ನೂ ಸೂಕ್ಷ್ಮವಾದದ್ದು, ಇದನ್ನು ಕಂಡುಹಿಡಿದದ್ದು ಅಡಿಕೆ ಮಂಡಿಯ ಗೆಳೆಯ. "ನೀನು ಬರೆದುಕೊಳ್ಳುವುದು ತೋರಿಸಿದ ಎಲೆಯನ್ನು. ನಾನು ಸುಳ್ಳೇ ಹೆದರಿಸಿ ನೀವೆಲ್ಲ ಓಡಿಹೋದಾಗ ನಾನು ತೋರಿಸುತ್ತೇನೆಯೇ?" ಎಂದ. ಮೂಟೆಯ ಮೇಲೆ ಹರಡಿದ ಅಡಿಕೆ ನೋಡಿ ಒಳಗಿನದಕ್ಕೆ ಬೆಲೆ ಕಟ್ಟಬಾರದು ಎಂದು ದಿನವೂ ಮಂಡಿಯಲ್ಲಿ ಕಲಿತವನು. ನನ್ನ ದಾಖಲೆಯಲ್ಲಿದ್ದದ್ದೆಲ್ಲ ಕೊನೆಯವರೆಗೂ ಬಂದ ಎಲೆಗಳು. ಹೆದರಿಸಿ ಗೆದ್ದದ್ದು, ಹೆದರಿ ಬಿಟ್ಟದ್ದು ಒಂದೂ ಇಲ್ಲ.

ಇದಕ್ಕೆ ಒಂದು ಉಪಾಯ ಹೂಡಿದೆವು. ನಾಲ್ಕು ಶುಕ್ರವಾರ ಪ್ರತಿ ಆಟದ ಕೊನೆಗೂ ಎಲ್ಲರೂ ತಮ್ಮ ಎರಡು ಎಲೆಯನ್ನು ಚೀಟಿಯಲ್ಲಿ ಬರೆದು, ಆಟದ ಸಂಖ್ಯೆ ಹಾಕಿ, ಖಾಲಿ ಉಪ್ಪಿನಕಾಯಿ ಭರಣಿಗೆ ಹಾಕಬೇಕು. ರಾತ್ರಿ ಮುಗಿದ ಮೇಲೆ ಭರಣಿ ಸುರಿದು ಓದುವುದು. ದುಡ್ಡಿನ ಆಟದಲ್ಲಿ ಇದಕ್ಕೆ ಯಾರೂ ಒಪ್ಪುವುದಿಲ್ಲ. ಮಂಡಕ್ಕಿಯ ಆಟದಲ್ಲಿ ಒಪ್ಪಿದರು. ಚೀಟಿ ಬರೆಯುವುದರಿಂದ ಆಟ ಎಷ್ಟು ನಿಧಾನವಾಯಿತೆಂದರೆ ಒಂದು ರಾತ್ರಿಗೆ ಇಪ್ಪತ್ತೈದು ಕೈ ದಾಟಲಿಲ್ಲ. ಆದರೆ ಮೊದಲ ಭರಣಿ ಸುರಿದ ರಾತ್ರಿ ನಾವು ಎರಡು ಗಂಟೆಯವರೆಗೆ ಎದ್ದಿದ್ದೆವು. ಯಾವಾಗಲೂ ನಗುತ್ತಾ ಹರಟುತ್ತಾ ಆಡುವ ಮಂಡಿಯವನು ರಿವರ್‌ನಲ್ಲಿ ಜೋರಾಗಿ ಹಾಕಿದ ಒಂಬತ್ತು ಸಲದಲ್ಲಿ ನಾಲ್ಕು ಸಲ ಕೈಯಲ್ಲಿ ಏನೂ ಇರಲಿಲ್ಲ. ಔಷಧಿ ಅಂಗಡಿಯವನು ನಾಲ್ಕು ಶುಕ್ರವಾರದಲ್ಲಿ ಒಂದೇ ಒಂದು ಸಲವೂ ಸುಳ್ಳು ಹಾಕಿರಲಿಲ್ಲ. ಜನವರಿಯ ಆ ರಾತ್ರಿ ಅವನ ಮೇಲೆ ನಾನು "ಹೆದರಿಸುತ್ತಿದ್ದಾನೆ" ಎಂದು ಆರೋಪ ಹೊರಿಸಿದ್ದೆ. ಮುಖ ನೋಡಿ ಓದುವುದು, ಕಣ್ಣು ಮಿಟುಕಿಸಿದ, ಮೀಸೆ ಮುಟ್ಟಿಕೊಂಡ ಎಂಬುದನ್ನೆಲ್ಲ ಆ ದಿನದಿಂದ ಬಿಟ್ಟುಬಿಟ್ಟೆ. ಮಂಡಿಯವನು ಮೀಸೆಯನ್ನು ಎಲ್ಲ ಎಲೆಗೂ ಮುಟ್ಟಿಕೊಳ್ಳುತ್ತಾನೆ.

ನಡುವೆ ಕಲಿತ ಇನ್ನೊಂದು ಸಂಗತಿ: ನನ್ನ ಕೈಯ ಎಲೆಯೂ ಎದುರಿನವನ ಕೈಯ ಸುದ್ದಿ ಹೇಳುತ್ತದೆ. ಒಬ್ಬನು ಎಕ್ಕದ ಜೋಡಿ, ರಾಜನ ಜೋಡಿ, ರಾಣಿಯ ಜೋಡಿ ಅಥವಾ ಎಕ್ಕ-ರಾಜ ಇದ್ದರೆ ಮಾತ್ರ ಎಲ್ಲ ದುಡ್ಡನ್ನೂ ತಳ್ಳುವವನು ಎಂದುಕೊಳ್ಳಿ. ಅದು 34 ಬಗೆ. ಆದರೆ ನನ್ನ ಕೈಯಲ್ಲೇ ಒಂದು ಎಕ್ಕ, ಒಂದು ರಾಜ ಇದ್ದರೆ ಅವನಿಗೆ ಉಳಿಯುವುದು ಮೂರು ಎಕ್ಕ, ಮೂರು ರಾಜ. ಎಕ್ಕದ ಜೋಡಿ ಆರರಿಂದ ಮೂರಕ್ಕೆ ಇಳಿಯಿತು, ರಾಜನದೂ ಮೂರಕ್ಕೆ, ಎಕ್ಕ-ರಾಜ ಹದಿನಾರರಿಂದ ಒಂಬತ್ತಕ್ಕೆ. ರಾಣಿ ಆರೇ. 34 ಇದ್ದದ್ದು 21 ಆಯಿತು. ಇದು ಕೈಬೆರಳಿನಲ್ಲೇ ಬರುವಷ್ಟು ರೂಢಿಯಾಗಲು ನನಗೆ ಮಳೆಗಾಲ ಮುಗಿಯಬೇಕಾಯಿತು. ಕಟ್ಟಡದ ಕೆಲಸ ನಿಂತಿದ್ದ ಜುಲೈಯ ಮಧ್ಯಾಹ್ನಗಳಲ್ಲಿ ಅಭ್ಯಾಸ ಮಾಡಿದೆ.

ಗೆಲ್ಲುವ ಸಾಧ್ಯತೆಯನ್ನು ಲೆಕ್ಕ ಹಾಕುವ ತಂತ್ರಾಂಶಗಳು ಪುಕ್ಕಟೆಯಾಗಿಯೇ ಸಿಗುತ್ತವೆ, ಶುರುವಿನಲ್ಲಿ ದುಡ್ಡು ಕೊಟ್ಟು ಏನನ್ನೂ ಕೊಳ್ಳಬೇಡಿ. ನಾನು ಒಂದು ತಿಂಗಳು ಚಂದಾ ಕಟ್ಟಿ ದೊಡ್ಡದೊಂದನ್ನು ತೆಗೆದುಕೊಂಡೆ. ಅದು ಹೇಳುವುದು ಕಂಪ್ಯೂಟರು ಕಂಪ್ಯೂಟರಿನ ವಿರುದ್ಧ ಹೇಗೆ ಆಡಬೇಕು ಎಂದು. 2019ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ ಮತ್ತು ಫೇಸ್‌ಬುಕ್‌ನ ಸಂಶೋಧಕರು ಮಾಡಿದ ಪ್ಲುರಿಬಸ್ ಎಂಬ ಪ್ರೋಗ್ರಾಮು ಆರು ಜನರ ಮೇಜಿನಲ್ಲಿ ಪಳಗಿದ ವೃತ್ತಿಪರರನ್ನೇ ಸೋಲಿಸಿತು. ಅದು ತನ್ನ ಕೈಯಲ್ಲಿರುವ ಎಲೆಗೆ ಮಾತ್ರವಲ್ಲ, ತನ್ನ ಹತ್ತಿರ ಇರಬಹುದಾಗಿದ್ದ ಎಲ್ಲ ಎಲೆಗೂ ಏನು ಮಾಡುತ್ತಿದ್ದೆ ಎಂದು ಲೆಕ್ಕ ಹಾಕಿ ಆಮೇಲೆ ಆಡುತ್ತದೆ. ಓದಿ ಬೆರಗಾದೆ. ಆದರೆ ನಮ್ಮ ಔಷಧಿ ಅಂಗಡಿಯವನ ಎದುರು ಆಡಲು ಅದೇನೂ ಬೇಕಾಗಿಲ್ಲ. ಅವನ ಭರಣಿಯ ಚೀಟಿ ಸಾಕು.

ಆಗಸ್ಟಿನಲ್ಲಿ ಆಟವೇ ಬದಲಾಯಿತು. ನಮ್ಮ ರಾಜ್ಯದಲ್ಲಿ 2021ರಲ್ಲಿ ಒಮ್ಮೆ ಆನ್‌ಲೈನ್ ಹಣದ ಆಟಗಳ ಮೇಲೆ ನಿಷೇಧ ಬಂದು, 2022ರ ಫೆಬ್ರವರಿಯಲ್ಲಿ ಹೈಕೋರ್ಟು ಅದನ್ನು ರದ್ದು ಮಾಡಿದ್ದರಿಂದ, ಈ ಸಲವೂ ಹಾಗೇ ಆಗುತ್ತದೆ ಎಂದು ಉದಾಸೀನವಾಗಿದ್ದೆ. ಆದರೆ ಈ ಸಲ ಬಂದದ್ದು ಕೇಂದ್ರದ ಕಾನೂನು. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು, ಕೌಶಲದ ಆಟವೋ ಅದೃಷ್ಟದ ಆಟವೋ ಎಂಬ ಭೇದವಿಲ್ಲದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟವೆಲ್ಲ ಬಂದ್. ನನ್ನ ಖಾತೆಯಲ್ಲಿ 6,480 ರೂಪಾಯಿ ಉಳಿದಿತ್ತು.

ಅದನ್ನು ಹಿಂದಕ್ಕೆ ಪಡೆಯಲು ಹತ್ತೊಂಬತ್ತು ದಿನ. ತೊಡಕು ಕಾನೂನಿನದಲ್ಲ, ನನ್ನ ಇನಿಷಿಯಲ್‌ನದು. ಪ್ಯಾನ್ ಕಾರ್ಡಿನಲ್ಲಿ ಊರಿನ ಹೆಸರು, ತಂದೆಯ ಹೆಸರು ಪೂರ್ತಿ ಬಿಡಿಸಿ ಬರೆದಿದೆ. ಬ್ಯಾಂಕಿನಲ್ಲಿ ಎರಡು ಅಕ್ಷರ ಮಾತ್ರ, ಆಧಾರಿನಲ್ಲಿ ಅವು ಹೆಸರಿನ ಹಿಂದೆ ಬರುತ್ತವೆ. ಮೂರೂ ಒಬ್ಬನೇ ಎಂದು ಆ ಕಡೆಯ ಯಂತ್ರ ಒಪ್ಪಲಿಲ್ಲ. ಪಾಸ್‌ಬುಕ್ಕಿನ ಮೊದಲ ಪುಟ, ರದ್ದು ಮಾಡಿದ ಚೆಕ್ಕು, ಕೊನೆಗೆ ಕಾರ್ಡು ಕೈಯಲ್ಲಿ ಹಿಡಿದು ತೆಗೆಸಿಕೊಂಡ ಫೋಟೊ, ಎಲ್ಲ ಕಳುಹಿಸಿದೆ. ಒಂದೇ ಉತ್ತರ ಏಳು ಸಲ ಬಂತು. ಹತ್ತೊಂಬತ್ತನೆಯ ದಿನ ಯಾವ ವಿವರಣೆಯೂ ಇಲ್ಲದೆ ದುಡ್ಡು ಬಂದು ಬಿತ್ತು. ಹಣದ ವ್ಯವಹಾರ ಯಾವುದೇ ಇರಲಿ, ನಮ್ಮ ಕಡೆಯವರು ಮೊದಲು ಈ ಇನಿಷಿಯಲ್‌ಗಳನ್ನು ಮೂರೂ ಕಡೆ ಸರಿಮಾಡಿಸಿಕೊಳ್ಳಿ. ಒಟ್ಟಾರೆ ಸೋತಿದ್ದರಿಂದ ಗೆಲುವಿನ ಮೇಲಿನ ಶೇ 30 ತೆರಿಗೆ ನನಗೆ ತಟ್ಟಲಿಲ್ಲ, ಸೋತವನಿಗೆ ಅಷ್ಟಾದರೂ ಇರಲಿ.

ಕಲಿತದ್ದನ್ನು ಗೊತ್ತಿಲ್ಲದವರ ಎದುರು ಒಮ್ಮೆಯಾದರೂ ಪರೀಕ್ಷೆ ಮಾಡಬೇಕೆಂಬ ಹಟ ಉಳಿಯಿತು. ಆ ಕಾನೂನು ಆನ್‌ಲೈನ್ ಆಟಕ್ಕೆ ಮಾತ್ರ. ಗೋವಾದಲ್ಲಿ ಮಾಂಡೋವಿ ನದಿಯ ಮೇಲೆ ನಿಂತ ಕ್ಯಾಸಿನೊ ಹಡಗುಗಳು ನಡೆದೇ ಇವೆ. ಮನೆಯಲ್ಲಿ ಹೇಳಿದೆ. ಹೆಂಡತಿ ಬೇಡ ಎನ್ನಲಿಲ್ಲ. "ಎಷ್ಟು ಹೋದರೆ ಎದ್ದು ಬರುತ್ತೀರಿ?" ಎಂದಳು. ಇಪ್ಪತ್ತು ಸಾವಿರ ಎಂದೆ. "ಹಾಗಾದರೆ ಎಟಿಎಂ ಕಾರ್ಡು ಇಲ್ಲೇ ಇರಲಿ" ಎಂದು ಕೈ ಚಾಚಿದಳು. ಹೋಗುವವರಿಗೆ ನಾನು ಕೊಡಬಹುದಾದ ಸಲಹೆಗಳಲ್ಲಿ ಇದಕ್ಕಿಂತ ಒಳ್ಳೆಯದು ಇಲ್ಲ.

ಬೇಕಾಗುವ ಕಾಗದ ಹೆಚ್ಚಿಲ್ಲ. ಇಪ್ಪತ್ತೊಂದು ದಾಟಿರಬೇಕು, ಗುರುತಿನ ಚೀಟಿಯ ಮೂಲ ಪ್ರತಿಯೇ ಬೇಕು. ಗೋವಾದ ನಿವಾಸಿಗಳಿಗೆ ಆಟದ ಜಾಗಕ್ಕೆ ಪ್ರವೇಶವಿಲ್ಲವಾದ್ದರಿಂದ ವಿಳಾಸವನ್ನು ಕಣ್ಣಿಟ್ಟು ನೋಡುತ್ತಾರೆ. 2025ರ ಸೆಪ್ಟೆಂಬರ್ 22ರಿಂದ ಕ್ಯಾಸಿನೊ ಮೇಲಿನ ಜಿಎಸ್‌ಟಿ 28ರಿಂದ 40ಕ್ಕೆ ಏರಿದೆ ಎಂಬುದನ್ನೂ ನೆನಪಿನಲ್ಲಿಡಿ. ಪ್ರವೇಶಕ್ಕೆ ನನಗೆ 2,500 ಆಯಿತು. ಕಾಗದವೆಲ್ಲ ಸರಿಯಿತ್ತು, ಕಾಲು ಸರಿಯಿರಲಿಲ್ಲ. ಜೆಟ್ಟಿಯಲ್ಲಿ ಕಾವಲಿನವನು ನನ್ನ ಚಪ್ಪಲಿ ನೋಡಿ ತಲೆಯಾಡಿಸಿದ. 18 ಜೂನ್ ರಸ್ತೆಗೆ ವಾಪಸು ನಡೆದು 1,150 ಕೊಟ್ಟು ಬೂಟು ಕೊಂಡೆ. ಅವು ಕಚ್ಚಿದ ಗಾಯ ಇನ್ನೂ ಪೂರ್ತಿ ಮಾಸಿಲ್ಲ.

ದೋಣಿಯಲ್ಲಿ ಹಡಗಿಗೆ ಹೋಗಿ, ಪೋಕರ್ ಕೋಣೆಯ ಪಟ್ಟಿಯಲ್ಲಿ ಹೆಸರು ಬರೆಸಿ, ಎರಡು ಗಂಟೆ ಹತ್ತು ನಿಮಿಷ ಕಾದೆ. ಅಂದು ನಡೆಯುತ್ತಿದ್ದ ಅತಿ ಚಿಕ್ಕ ಮೇಜು 100-200ರದು, ಅಂದರೆ ಪ್ರತಿ ಕೈಯಲ್ಲೂ ಎಲೆ ನೋಡುವ ಮೊದಲೇ ಒಬ್ಬ 100, ಇನ್ನೊಬ್ಬ 200 ರಾಶಿಗೆ ಹಾಕಲೇಬೇಕು. ಕಾಯುವ ಹೊತ್ತನ್ನು ಪುಕ್ಕಟೆ ಊಟದಲ್ಲಿ ಕಳೆಯಬೇಡಿ. ಮೇಜು ಕಾಣುವ ಕಡೆ ನಿಂತು ಯಾರು ಎಷ್ಟು ಕೈ ಆಡುತ್ತಾರೆ, ಯಾರು ಬಿಡುತ್ತಾರೆ ಎಂದು ನೋಡಿ. ಕಿಟಕಿಯ ಕಡೆ ಕುಳಿತ ಹುಬ್ಬಳ್ಳಿಯ ಒಬ್ಬ ಹಿರಿಯರು ಆ ಎರಡು ಗಂಟೆಯಲ್ಲಿ ಆಡಿದ್ದು ಆರೋ ಏಳೋ ಕೈ. ಹುಬ್ಬಳ್ಳಿಯವರೆಂದು ಫೋನಿನ ಮಾತಿನಿಂದ ಗೊತ್ತಾಯಿತು. ಅದರಲ್ಲಿ ಒಂದನ್ನು ಕೊನೆಯಲ್ಲಿ ತೋರಿಸಿದರು: ಒಂದೇ ಜಾತಿಯ ಐದು ಎಲೆ ಸೇರಿದರೆ ದೊಡ್ಡ ಕೈ, ಅದಕ್ಕಾಗಿ ಎರಡು ಕಳಾವರ್ ಎಲೆ ಹಿಡಿದು, ಮೇಜಿನ ಮೇಲಿನ ಎರಡರ ಜೊತೆಗೆ ಐದನೆಯ ಕಳಾವರ್‌ಗಾಗಿ ಕಾದು, ಬಾರದೆ ಹೋದಾಗ ರಿವರ್‌ನಲ್ಲಿ ಏನೂ ಹಾಕದೆ ಸುಮ್ಮನಾಗಿದ್ದರು. ಅದನ್ನು ಮನಸ್ಸಿನಲ್ಲಿ ಬರೆದಿಟ್ಟುಕೊಂಡೆ.

ನಾನು ಕುಳಿತು ಮೂರು ಗಂಟೆಯ ಮೇಲೆ ಆ ಕೈ ಬಂತು. ಹಿರಿಯರು ಮೊದಲ ಜಾಗದಿಂದ 600ಕ್ಕೆ ಏರಿಸಿದರು. ಕೊನೆಯ ಜಾಗದಲ್ಲಿದ್ದ ನನಗೆ ಇಸ್ಪೀಟಿನ ಎಕ್ಕ, ಡೈಮನ್ ರಾಣಿ. ನಾನೂ 600 ಹಾಕಿದೆ, ಉಳಿದವರು ಬಿಟ್ಟರು. ರಾಶಿ 1,500. ಫ್ಲಾಪ್: ಆಟೀನ್ ರಾಣಿ, ಆಟೀನ್ ಎಂಟು, ಕಳಾವರ್ ಮೂರು. ಅವರು 1,000 ಹಾಕಿದರು, ನಾನೂ ಹಾಕಿದೆ. ಟರ್ನ್ ಇಸ್ಪೀಟಿನ ಐದು. ಅವರು 2,500, ನಾನೂ. ರಾಶಿ 8,500. ರಿವರ್ ಡೈಮನ್ ಎರಡು, ಯಾರಿಗೂ ಬೇಡದ ಎಲೆ. ಹಿರಿಯರು ನೀರು ಕುಡಿದು, ಬಾಟಲಿಯ ಮುಚ್ಚಳ ತಿರುಗಿಸಿ ಇಟ್ಟು, 6,000 ಮುಂದೆ ತಳ್ಳಿದರು.

6,000 ಕೊಟ್ಟರೆ ಒಟ್ಟು ರಾಶಿ 20,500. ನೂರಕ್ಕೆ ಇಪ್ಪತ್ತೊಂಬತ್ತು ಸಲಕ್ಕಿಂತ ಹೆಚ್ಚು ಗೆಲ್ಲುವಂತಿದ್ದರೆ ಹಾಕಬೇಕು, ಕ್ಯಾಸಿನೊ ತೆಗೆಯುವ ಪಾಲನ್ನೂ ಲೆಕ್ಕ ಹಿಡಿದರೆ ಇನ್ನೂ ಸ್ವಲ್ಪ ಹೆಚ್ಚು ಬೇಕು. ಮೇಜಿನ ಅಂಚಿನ ಕೆಳಗೆ ಬೆರಳು ಮಡಿಸತೊಡಗಿದೆ. ಎಕ್ಕದ ಜೋಡಿ: ಒಂದು ನನ್ನಲ್ಲಿದೆ, ಆದ್ದರಿಂದ ಮೂರು ಬಗೆ. ರಾಜನ ಜೋಡಿ ಆರು. ರಾಣಿಯ ಜೋಡಿ: ಒಂದು ನನ್ನಲ್ಲಿ, ಒಂದು ಮೇಜಿನ ಮೇಲೆ, ಉಳಿದದ್ದು ಒಂದೇ ಬಗೆ. ಎಂಟರ ಜೋಡಿ ಮೂರು. ಮೂರರ ಜೋಡಿಯನ್ನು ಇವರು ಮೊದಲ ಜಾಗದಿಂದ ಆಡುವವರಲ್ಲ. ನನ್ನನ್ನು ಸೋಲಿಸುವವು ಹದಿಮೂರು. ನನ್ನಂತೆಯೇ ಎಕ್ಕ-ರಾಣಿ ಇದ್ದರೆ ರಾಶಿ ಸಮಪಾಲು. ಅದು ಮೂರು ಎಕ್ಕಕ್ಕೆ ಎರಡು ರಾಣಿ, ಆರು ಬಗೆ. ನಾನು ಸೋಲಿಸುವ ಒಂದೇ ಜಾತಿಯ ರಾಜ-ರಾಣಿ ಎರಡು ಬಗೆ. ಇಷ್ಟೇ ಆದರೆ 21ರಲ್ಲಿ ನನ್ನ ಪಾಲು, ಸಮಪಾಲಿನ ಆರರ ಅರ್ಧವೂ ಸೇರಿ, ಐದು, ನೂರಕ್ಕೆ ಇಪ್ಪತ್ತನಾಲ್ಕು. ಬಿಡಬೇಕು.

ಉಳಿದದ್ದು ಆಟೀನ್‌ಗಾಗಿ ಕಾದು ಕೆಟ್ಟ ಕೈಗಳು. ಎಕ್ಕ-ರಾಜ, ಎಕ್ಕ-ಗುಲಾಮ, ಎಕ್ಕ-ಹತ್ತು, ರಾಜ-ಗುಲಾಮ, ಎಲ್ಲ ಆಟೀನ್‌ನವು, ಒಂದೊಂದು ಬಗೆ, ಒಟ್ಟು ನಾಲ್ಕು. ಅವನ್ನೂ ಇವರು ಹೀಗೆ ಜೋರಾಗಿ ಹಾಕುವವರಾದರೆ 25ರಲ್ಲಿ ನನ್ನ ಪಾಲು ಒಂಬತ್ತು. ನೂರಕ್ಕೆ ಮೂವತ್ತಾರು. ಹಾಕಲೇಬೇಕು.

ಹೀಗೆ ಹನ್ನೊಂದು ತಿಂಗಳ ಲೆಕ್ಕವೆಲ್ಲ ಬಂದು ಒಂದೇ ಪ್ರಶ್ನೆಯ ಮುಂದೆ ನಿಂತಿತು: ಇವರು ಮಂಡಿಯವನೋ, ಔಷಧಿ ಅಂಗಡಿಯವನೋ? ನನ್ನ ಹತ್ತಿರ ಇದ್ದದ್ದು ಒಂದೇ ಚೀಟಿ, ಕಾಯುವಾಗ ಕಂಡ ಆ ಕಳಾವರ್ ಎಲೆಗಳು. ಒಂದು ಚೀಟಿಯಿಂದ ಮನುಷ್ಯನನ್ನು ಅಳೆಯಬಾರದು, ಗೊತ್ತು. ಆದರೆ ಬೇರೆ ಚೀಟಿ ಇರಲಿಲ್ಲ. ಡೀಲರ್ ನನ್ನ ಕಡೆ ಎರಡನೆಯ ಸಲ ನೋಡಿದ. ಎದೆ ಬಡಿದುಕೊಳ್ಳುವುದು ಪಕ್ಕದವನಿಗೆ ಕೇಳಿಸಿರಬೇಕು. ಎಲೆ ಕೆಳಗಿಟ್ಟೆ. ಹಿರಿಯರು ತಮ್ಮ ಎಲೆಯನ್ನು ತೋರಿಸದೆ ಮುಂದಕ್ಕೆ ಸರಿಸಿದರು, ಡೀಲರ್ ಎರಡನ್ನೂ ಬಾಚಿ ಕಲಸಿಬಿಟ್ಟ.

ಉಳಿದ ಮೂರು ಗಂಟೆಯಲ್ಲಿ ಹೇಳುವಂತಹದೇನೂ ನಡೆಯಲಿಲ್ಲ. ಸಣ್ಣಪುಟ್ಟ ಕೈಗಳಲ್ಲಿ ಹೋದದ್ದು ಬಂತು, ಸ್ವಲ್ಪ ಹೆಚ್ಚೂ ಬಂತು. ಆ 2,300ರ ಮೇಲೂ ಶೇ 30 ಆದಾಯ ತೆರಿಗೆ ಇದೆ, ಇಸ್ಪೀಟಿನ ಗಳಿಕೆಯಲ್ಲಿ ಬಸ್ಸು, ಬೂಟಿನ ಖರ್ಚು ಕಳೆಯಲು ಬಿಡುವುದಿಲ್ಲ. ಆದ್ದರಿಂದ ಮೇಲೆ ಹೇಳಿದ ನಷ್ಟಕ್ಕೆ ಇನ್ನೂ 690 ಸೇರಿಸಿಕೊಳ್ಳಿ, ಸೆಸ್ ಬೇರೆ.

ಬೆಳಗಿನ ಜಾವ ಜೆಟ್ಟಿಗೆ ಮರಳುವ ದೋಣಿಯಲ್ಲಿ ಹಿರಿಯರು ನನ್ನ ಪಕ್ಕದಲ್ಲೇ ಕುಳಿತರು. ಕನ್ನಡದಲ್ಲಿ ಮಾತಾಡಿಸಿದೆ. ತಡೆಯಲಾಗದೆ ಕೇಳಿಯೇಬಿಟ್ಟೆ: "ಸರ್, ಆ ರಾಣಿ ಬಿದ್ದ ಕೈಯಲ್ಲಿ ನಿಮ್ಮ ಹತ್ತಿರ ಏನಿತ್ತು?"

"ಆರು ಸಾವಿರ ಹಾಕಿದ್ದರೆ ಅಲ್ಲೇ ತೋರಿಸುತ್ತಿದ್ದೆನಲ್ಲ" ಎಂದು ನಕ್ಕರು. ಆಮೇಲೆ, "ನಿಮ್ಮದೇನಿತ್ತು?" ಎಂದರು.

ಎಕ್ಕ-ರಾಣಿ ಎಂದೆ. ಅವರು ತಲೆಯಾಡಿಸಿ, ಫೋನು ತೆಗೆದು, ಏನನ್ನೋ ಬರೆದುಕೊಂಡರು. ಹೊನ್ನಾವರ ದಾಟಿ ಬಸ್ಸು ಗೇರುಸೊಪ್ಪೆ ಘಟ್ಟ ಹತ್ತುತ್ತಿದ್ದಾಗ ನನಗೆ ಹೊಳೆಯಿತು, ನಾನು ಹೇಳಬಾರದಿತ್ತು.